ಆರ್‌ಎಕ್ಸ್ 100ರ ಚಾರ್ಜಿಂಗ್ ತೊಂದರೆ, ಮತ್ತು ಐ.ಜಿ. ರಸ್ತೆ ಗಲ್ಲಿಯ ಆ ವೈರಿಂಗ್ ಅಂಗಡಿ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಒಂದು ವೈರಿಂಗ್ ಅಂಗಡಿ ಇದೆ. ಶೀಟಿನ ಮಾಡು, ಮುಂದೆ ಒಂದು ಹಲಗೆ ಬೆಂಚು, ಗೋಡೆ ತುಂಬಾ ನೇತು ಹಾಕಿದ ಹಳೇ ಹಾರನ್ನುಗಳು. ಹಳೇ ಬೈಕು ಇಟ್ಟುಕೊಂಡು ಬ್ಯಾಟರಿ ನಿಲ್ಲುತ್ತಿಲ್ಲ, ಬಲ್ಬು ನಿಲ್ಲುತ್ತಿಲ್ಲ ಎಂದು ಅಂಗಡಿ ಅಂಗಡಿ ಅಲೆಯುತ್ತಿರುವವರು ಒಮ್ಮೆ ಅಲ್ಲಿಗೆ ಹೋಗಿ. ನಾನು ಎಂಟು ತಿಂಗಳು ಅಲೆದು, ಎರಡು ಬ್ಯಾಟರಿ, ಒಂದು ರೆಗ್ಯುಲೇಟರ್ (ಚಾರ್ಜನ್ನು ಹತೋಟಿಯಲ್ಲಿಡುವ ಡಬ್ಬಿ), ಐದು ಬಲ್ಬು ಬದಲಾಯಿಸಿ, ಕೊನೆಗೆ ಅಲ್ಲಿಗೆ ಹೋದವನು. ಅಲ್ಲಿ ರಿಪೇರಿಗೆ ಆದ ಖರ್ಚು 250 ರೂಪಾಯಿ.

ನನ್ನದು 1994ರ ಯಮಹಾ ಆರ್‌ಎಕ್ಸ್ 100. ಕೆಎ 18 ನಂಬರು. ಅಪ್ಪ ಹೊಸದಾಗಿ ತೆಗೆದ ಗಾಡಿ, ಅವರು ಹೋದ ಮೇಲೆ ನನ್ನ ಕೈಗೆ ಬಂತು. ಆಲ್ದೂರಿನ ಆಚೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಹಗಲೆಲ್ಲ ತೋಟದ ಮೂಲೆ ಮೂಲೆಗೆ ಓಡಾಟ, ಸಂಜೆ ಹಣ್ಣಿನ ತೂಕ, ಶನಿವಾರ ಬಟವಾಡೆ. ಈ ಕೆಲಸಕ್ಕೆ ಅಂಥಾ ಗಾಡಿ ಇನ್ನೊಂದಿಲ್ಲ. ಹಗುರ, 98 ಸಿಸಿ, ಒಂದೇ ಕಿಕ್ಕಿಗೆ ಸ್ಟಾರ್ಟ್. 1985ರಲ್ಲಿ ಬಂದ ಮಾಡೆಲ್ಲು, 1996ಕ್ಕೆ ತಯಾರಿ ನಿಂತಿತು. ಹಾಗಾಗಿ ಈಗ ಓಡುತ್ತಿರುವ ಯಾವ ಆರ್‌ಎಕ್ಸ್ 100 ತೆಗೆದುಕೊಂಡರೂ ಅದರ ವೈರಿಂಗಿಗೆ ಕಮ್ಮಿ ಅಂದರೂ ಮೂವತ್ತು ವರ್ಷದ ಆಸುಪಾಸು ವಯಸ್ಸು. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ತೊಂದರೆ ಶುರುವಾಗಿದ್ದು ಕಳೆದ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ. ಚಾಸಿಸ್ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಗಾಡಿ ಪೂರ್ತಿ ಬಿಚ್ಚಿಸಿ ಪೌಡರ್ ಕೋಟಿಂಗ್ (ಪುಡಿ ಬಣ್ಣ) ಮಾಡಿಸಿದೆ. ಕಪ್ಪಗೆ ಮಿರಮಿರ ಮಿಂಚುತ್ತಾ ಬಂತು. ಅಪ್ಪ ಮೊದಲ ದಿನ ಮನೆಗೆ ತಂದಾಗ ಹೇಗಿತ್ತೋ ಹಾಗೆ. ಆಮೇಲೆ ಒಂದು ತಿಂಗಳಿಗೆ ಹೆಡ್‌ಲೈಟ್ ಬಲ್ಬ್ ಹೋಯ್ತು. ಹೋಗುತ್ತೆ ಬಿಡು ಎಂದು ಹೊಸದು ಹಾಕಿದೆ. ಮೂರು ವಾರಕ್ಕೆ ಅದೂ ಹೋಯ್ತು. ಅಷ್ಟರಲ್ಲಿ ಹಾರನ್ ಗಂಟಲು ಕಟ್ಟಿದ ಹಾಗೆ ಕೀರಲು ಶುರು ಮಾಡಿತು. ಇಂಡಿಕೇಟರ್ ಹಾಕಿದರೆ ಮಿಟುಕುವ ಬದಲು ಮಂಕಾಗಿ ಒಂದೇ ಸಮ ಉರಿದುಕೊಂಡು ನಿಲ್ಲುತ್ತಿತ್ತು.

ಈ ಗಾಡಿಯ ಒಂದು ಗುಣ ಹೇಳಬೇಕು. ಬ್ಯಾಟರಿ ಪೂರ್ತಿ ಸತ್ತರೂ ಇದು ಸ್ಟಾರ್ಟ್ ಆಗುತ್ತೆ. ಸೆಲ್ಫ್ ಇಲ್ಲ, ಕಿಕ್ಕರ್ ಮಾತ್ರ. ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬಿ ಸಿಡಿಐ. ಅದಕ್ಕೆ ಬೇಕಾದ ಕರೆಂಟು ಮ್ಯಾಗ್ನೆಟ್ಟಿನೊಳಗಿನ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಭಾಗ) ಅದರದೇ ಕಾಯಿಲ್‌ನಿಂದ ಬರುತ್ತೆ. ಹೆಡ್‌ಲೈಟ್ ಕೂಡ ಬ್ಯಾಟರಿಯನ್ನು ಕೇಳುವುದಿಲ್ಲ, ಮ್ಯಾಗ್ನೆಟ್ಟಿನಿಂದ ಬರುವ ಎಸಿ ಕರೆಂಟಿನಲ್ಲೇ ಉರಿಯುತ್ತೆ. ಅದಕ್ಕೇ ಐಡಲ್‌ನಲ್ಲಿ ಮಂಕು, ರೇಸ್ ಕೊಟ್ಟರೆ ಬೆಳಕು. ಬ್ಯಾಟರಿ ಇರುವುದು ಹಾರನ್, ಇಂಡಿಕೇಟರ್, ಬ್ರೇಕ್ ಲೈಟಿಗೆ. ಹಾಗಾಗಿ ಬ್ಯಾಟರಿ ಕೆಟ್ಟರೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಡಿ ಓಡುತ್ತಿದೆಯಲ್ಲ ಎಂದು ಸುಮ್ನಿರುತ್ತಾರೆ. ನಾನೂ ಹಾಗೇ ಸುಮ್ನಿದ್ದೆ.

ಜುಲೈನಲ್ಲಿ ಮಗಳನ್ನು ನೋಡಲು ಉಜಿರೆಗೆ ಹೋಗಿದ್ದೆ. ಅವಳು ಅಲ್ಲಿ ಹಾಸ್ಟೆಲ್‌ನಲ್ಲಿ ಇದ್ದು ಓದುತ್ತಿದ್ದಾಳೆ. ವಾಪಸ್ ಹೊರಡುವಾಗ ಸಂಜೆ ಐದು ದಾಟಿತ್ತು. ಚಾರ್ಮಾಡಿ ಹತ್ತಲು ಶುರು ಮಾಡಿದಾಗ ಮಳೆ, ಅರ್ಧ ಘಾಟಿಗೆ ಬರುವಷ್ಟರಲ್ಲಿ ಮಂಜು. ಜುಲೈ ತಿಂಗಳಲ್ಲಿ ಚಾರ್ಮಾಡಿಯ ಮಂಜು ನೋಡಿದವರಿಗೆ ನಾನು ಹೇಳುವುದೇ ಬೇಡ. ಎದುರಿನ ವಾಹನದ ಸದ್ದು ಕೇಳುತ್ತೆ, ವಾಹನ ಕಾಣುವುದಿಲ್ಲ. ತಿರುವು ತಿರುವಿಗೂ ಎರಡನೇ ಗೇರಿಗೆ ಇಳಿಸಿ ರೇಸ್ ಕೊಡುತ್ತಾ ಹತ್ತಿಸುತ್ತಿದ್ದೆ. ಅಂಥಾ ಒಂದು ತಿರುವಿನಲ್ಲಿ ಹೆಡ್‌ಲೈಟ್ ಒಂದು ಕ್ಷಣ ಬೆಳ್ಳಗೆ ಜೋರಾಗಿ ಉರಿದು ಹೋಗೇಬಿಟ್ಟಿತು. ಡಿಮ್ಮು, ಬ್ರೈಟು ಎರಡೂ ಇಲ್ಲ. ಹಾರನ್ ಒತ್ತಿದರೆ ಸದ್ದೇ ಇಲ್ಲ. ಹಿಂದೆ ಮುಂದೆ ಯಾರಿಗೂ ನಾನು ಅಲ್ಲಿದ್ದೇನೆ ಅಂತ ತಿಳಿಯುವ ಹಾಗೇ ಇಲ್ಲ. ತಡೆಗೋಡೆಗೆ ಒತ್ತಿ ಗಾಡಿ ನಿಲ್ಲಿಸಿಕೊಂಡು ಮೊಬೈಲ್ ಟಾರ್ಚ್ ಹಿಂದಕ್ಕೆ ಹಿಡಿದು ನಿಂತೆ. ಮಳೆ ಜಾಕೆಟ್ಟಿನೊಳಗೆ ಬೆವರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂತು. ಅದರ ಹಿಂದಿನ ಕೆಂಪು ದೀಪ ನೋಡಿಕೊಂಡು ಅಣ್ಣಪ್ಪಸ್ವಾಮಿ ಗುಡಿ ದಾಟಿ ಕೊಟ್ಟಿಗೆಹಾರ ಸೇರಿದೆ. ಜೀಪಿನವರು ನನಗೋಸ್ಕರ ನಿಧಾನ ಮಾಡಿದರು. ಅಲ್ಲಿ ಚಾ ಕುಡಿಯುವಾಗ ಕೈ ನಡುಗುತ್ತಿತ್ತು. ಇನ್ನು ಇದನ್ನು ಸರಿ ಮಾಡಿಸದೆ ಘಾಟಿಗೆ ಇಳಿಯಬಾರದು ಎಂದು ಅಲ್ಲೇ ಅಂದುಕೊಂಡೆ.

ಆಮೇಲೆ ಶುರುವಾಯ್ತು ಅಂಗಡಿ ಸುತ್ತುವುದು. ಯಾರ ಹೆಸರೂ ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಒಬ್ಬರು ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿದರು. ಅದು ಮೂರೂವರೆ ತಿಂಗಳು ಬಂತು. ಇನ್ನೊಬ್ಬರು ರೆಗ್ಯುಲೇಟರ್ ಹೋಗಿದೆ ಎಂದು ಅದನ್ನೂ, ಜೊತೆಗೆ ಇನ್ನೊಂದು ಬ್ಯಾಟರಿಯನ್ನೂ ಹಾಕಿದರು. ನಡುನಡುವೆ ಬಲ್ಬುಗಳು ಹೋಗುತ್ತಲೇ ಇದ್ದವು. ಮೂರನೆಯವರು ಮ್ಯಾಗ್ನೆಟ್ ಕಾಯಿಲ್ ಸುಟ್ಟಿದೆ, ಚಾರ್ಜ್ ಕಮ್ಮಿ ಬರುತ್ತಿದೆ, ಬಿಚ್ಚಿ ಕಾಯಿಲ್ ಸುತ್ತಿಸಬೇಕು, ಎರಡು ದಿನ ಗಾಡಿ ಬಿಡಿ ಅಂದರು. ಮೂರು ಕಡೆಯೂ ಒಂದು ವಿಷಯ ಗಮನಿಸಿದೆ. ಯಾರೂ ವೋಲ್ಟೇಜ್ ಅಳೆಯುವ ಮೀಟರ್ ಹಿಡಿಯಲಿಲ್ಲ. ಒಬ್ಬರು ವೈರು ಕಿತ್ತು ಚಾಸಿಸ್ಸಿಗೆ ಚಟ್ ಅಂತ ಮುಟ್ಟಿಸಿ ಕಿಡಿ ನೋಡಿದರು, ಅಷ್ಟೇ. ನನ್ನ ಕೆಲಸವೇ ತೂಕ ಮಾಡಿ ಬರೆಯುವುದು. ಸಂಜೆ ಹಣ್ಣಿನ ಚೀಲ ನೋಡಿ ‘ಸುಮಾರು ನಲವತ್ತು ಕೆಜಿ ಇರಬಹುದು’ ಎಂದು ಬರೆದರೆ ಕೊಯ್ದ ಹೆಂಗಸು ನನ್ನ ಸುಮ್ನೆ ಬಿಡುತ್ತಾಳಾ? ಬಿಡಬಾರದು ಕೂಡ. ಕಾಯಿಲ್ ಬಿಚ್ಚಿಸುವ ಮೊದಲು ಅಳೆದು ನೋಡುವವರು ಯಾರಾದರೂ ಇದ್ದಾರಾ ಎಂದು ಕೇಳುತ್ತಾ ಹೋದೆ. ನಮ್ಮ ತೋಟದ ಟ್ರ್ಯಾಕ್ಟರ್ ಡ್ರೈವರ್ ಈ ಗಲ್ಲಿ ಅಂಗಡಿ ತೋರಿಸಿದ.

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಗಾಡಿ ಸ್ಟ್ಯಾಂಡ್ ಹಾಕುತ್ತಿದ್ದಂತೆ ನಾನು ಎಂಟು ತಿಂಗಳ ಕಥೆ ಹೇಳತೊಡಗಿದೆ. ಅವರು ತಡೆಯಲಿಲ್ಲ. ಎಲ್ಲಾ ಕೇಳಿಸಿಕೊಂಡು ಎರಡು ಪ್ರಶ್ನೆ ಕೇಳಿದರು.

“ರೈಟ್ರೇ, ಬಲ್ಬು ಹೋಗೋದು ಏರಲ್ಲೋ, ಇಳಿಜಾರಲ್ಲೋ?”

ಯೋಚಿಸಿ ನೋಡಿದೆ. ಚಾರ್ಮಾಡಿಯಲ್ಲಿ ಏರು. ಅದಕ್ಕೆ ಮುಂಚೆ ತೋಟದ ಬಂಗಲೆ ಹತ್ತುವ ಏರು. ಎಲ್ಲಾ ಏರಿನಲ್ಲೇ, ರೇಸ್ ಕೊಟ್ಟಾಗಲೇ.

“ಬ್ಯಾಟ್ರಿಗೆ ನೀರು ಎಷ್ಟು ದಿನಕ್ಕೊಂದ್ಸಲ ಹಾಕ್ತೀರಿ?”

ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ, ನೋಡಿದಾಗಲೆಲ್ಲ ಕೆಳಗಿನ ಗೆರೆಗಿಂತ ಕೆಳಗೇ ಇಳಿದಿರುತ್ತೆ, ಹಾಕುತ್ತಲೇ ಇರುತ್ತೇನೆ ಅಂದೆ. ಮೇಸ್ತ್ರಿ ತಲೆ ಆಡಿಸಿದರು. “ಹಂಗಾದ್ರೆ ನಿಮ್ ಗಾಡಿಗೆ ಚಾರ್ಜ್ ಕಮ್ಮಿ ಆಗ್ತಿಲ್ಲ. ಜಾಸ್ತಿ ಆಗ್ತಿದೆ. ಆದ್ರೂ ನೋಡೇ ಹೇಳಣ” ಅಂದರು.

ಈ ಮಾತು ನನಗೆ ಹೊಸದು. ಬ್ಯಾಟರಿ ಸತ್ತಿದೆ ಅಂದರೆ ಚಾರ್ಜ್ ಬರುತ್ತಿಲ್ಲ ಎಂದೇ ಎಲ್ಲರೂ ಅಂದುಕೊಳ್ಳುತ್ತೇವೆ ಅಲ್ವಾ? ಜಾಸ್ತಿ ಬಂದರೂ ಸಾಯುತ್ತೆ. ವೋಲ್ಟೇಜ್ ಮಿತಿ ಮೀರಿದರೆ ಒಳಗಿನ ನೀರು ಗ್ಯಾಸಾಗಿ ಹಾರಿಹೋಗುತ್ತೆ, ಪ್ಲೇಟು ಒಣಗುತ್ತೆ, ಒಣಗಿದ ಪ್ಲೇಟು ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಆರ್‌ಎಕ್ಸ್‌ನದು 2.5 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ. ದೊಡ್ಡ ಬ್ಯಾಟರಿ ಸ್ವಲ್ಪ ದಿನ ತಡೆದೀತು, ಇದು ತಡೆಯುವುದಿಲ್ಲ.

ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಮೀಟರ್ ತೆಗೆದು ನನ್ನ ಗಾಡಿಗೆ ಹಚ್ಚುವ ಮೊದಲು ತಮ್ಮದೇ ಒಂದು ಫುಲ್ ಚಾರ್ಜ್ ಆದ ಬ್ಯಾಟರಿಗೆ ಹಚ್ಚಿ ನೋಡಿದರು. 12.7 ವೋಲ್ಟ್ ತೋರಿಸಿತು. ಯಾಕೆ ಎಂದು ಕೇಳಿದೆ. ಮೀಟರಿನೊಳಗಿನ ಸೆಲ್ಲು ಇಳಿದಿದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ, ಅದನ್ನು ನಂಬಿ ಗ್ರಾಹಕನ ಗಾಡಿ ಬಿಚ್ಚಬಾರದು ಅಂದರು. ನಾವು ತಕ್ಕಡಿಗೆ ಮೊದಲು ಐದು ಕೆಜಿ ಬಟ್ಟು ಇಟ್ಟು ನೋಡುತ್ತೇವಲ್ಲ, ಅದೇ ಲೆಕ್ಕ.

ನನ್ನ ಬ್ಯಾಟರಿಗೆ ಹಚ್ಚಿದರೆ 11.6. ಗಾಡಿ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ 12.6ರಿಂದ 12.7 ತೋರಿಸಬೇಕು, 12.2 ಅಂದರೆ ಸುಮಾರು ಅರ್ಧ, 11.6 ಅಂದರೆ ಖಾಲಿ. ಸತ್ತ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಅಳೆದರೆ ಲೆಕ್ಕ ತಪ್ಪುತ್ತೆ ಎಂದು ಅದನ್ನು ಕಳಚಿ ತಮ್ಮ ಬ್ಯಾಟರಿಯನ್ನು ಸೀಟಿನ ಮೇಲೆ ಗೋಣಿ ಹಾಸಿ ಇಟ್ಟು, ವೈರು ಕೊಟ್ಟು, ಗಾಡಿ ಸ್ಟಾರ್ಟ್ ಮಾಡಿಸಿದರು. ಮೀಟರ್ ನನ್ನ ಕೈಗೇ ಕೊಟ್ಟರು. ನೀವೇ ಓದಿ ಹೇಳಿ ಅಂದರು. ಐಡಲ್‌ನಲ್ಲಿ 13.4. ಸರಿ ಇದೆ. ನಿಧಾನಕ್ಕೆ ರೇಸ್ ಕೊಟ್ಟರು. 14.2, 14.9, 15.5, 15.8. ಇನ್ನೂ ಹತ್ತುತ್ತಲೇ ಇತ್ತು. ಅಷ್ಟಕ್ಕೇ ರೇಸ್ ಬಿಟ್ಟರು. ಎಷ್ಟೇ ರೇಸ್ ಕೊಟ್ಟರೂ 14, 14 ಕಾಲು, ಹೆಚ್ಚೆಂದರೆ 14 ಮುಕ್ಕಾಲಿಗೆ ಅದು ನಿಲ್ಲಬೇಕಂತೆ. 15 ದಾಟಿತು ಅಂದರೆ ಬ್ಯಾಟರಿಯನ್ನು ಬೇಯಿಸುತ್ತಿದೆ ಎಂದೇ ಅರ್ಥ.

ಈಗ ನನಗೆ ತಿಳಿದದ್ದು ಇದು: ಹೆಡ್‌ಲೈಟಿಗೆ ಹೋಗುವ ಎಸಿಯನ್ನೂ, ಬ್ಯಾಟರಿಗೆ ಹೋಗುವ ಚಾರ್ಜನ್ನೂ ಮಿತಿಯಲ್ಲಿಡುವುದು ಒಂದೇ ಡಬ್ಬಿ. ಅದೇ ರೆಗ್ಯುಲೇಟರ್. ಅದಕ್ಕೆ ನಾಲ್ಕು ವೈರು. ಒಂದು ಲೈಟಿನ ಕಡೆಗೆ, ಒಂದು ಕಾಯಿಲ್‌ನಿಂದ, ಒಂದು ಬ್ಯಾಟರಿಗೆ, ಇನ್ನೊಂದು ಕಪ್ಪು ವೈರು, ಅರ್ತ್. ಜಾಸ್ತಿಯಾದ ಕರೆಂಟನ್ನು ಅದು ಈ ಕಪ್ಪು ವೈರಿನ ಮೂಲಕ ಚಾಸಿಸ್ಸಿಗೆ ಇಳಿಸಿಬಿಡುತ್ತೆ. ಕೆರೆ ತುಂಬಿದರೆ ಕೋಡಿ ಹರಿದ ಹಾಗೆ. ಕೋಡಿ ಮುಚ್ಚಿದರೆ ಏನಾಗುತ್ತೆ? ನೀರು ಏರಿ ಮೇಲೆ ಬರುತ್ತೆ. ನನ್ನ ಬಲ್ಬು, ಬ್ಯಾಟರಿ ಎರಡೂ ಹೋಗುತ್ತಿದ್ದದ್ದು ಒಂದೇ ಕಾರಣಕ್ಕೆ ಎಂದು ಅಲ್ಲಿ ನಿಂತಾಗ ಹೊಳೆಯಿತು. ಎಂಟು ತಿಂಗಳು ನಾನು ಅವೆರಡನ್ನೂ ಬೇರೆ ಬೇರೆ ರೋಗ ಎಂದುಕೊಂಡಿದ್ದೆ.

ಆದರೆ ರೆಗ್ಯುಲೇಟರ್ ಹೊಸದಲ್ಲವಾ, ಹೋದ ತಿಂಗಳಷ್ಟೇ ಹಾಕಿಸಿದ್ದೇನೆ ಅಂದೆ. ಮೇಸ್ತ್ರಿ ಏನೂ ಹೇಳದೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್ಸಿಗೆ ಹಿಡಿದರು. ಕೆಂಪು ಕಡ್ಡಿಯನ್ನು ರೆಗ್ಯುಲೇಟರಿನ ಕಪ್ಪು ವೈರಿನ ತುದಿಯ ರಿಂಗಿಗೆ ಒತ್ತಿದರು. ಗಾಡಿ ಓಡುತ್ತಲೇ ಇತ್ತು. ಎರಡೂ ಅರ್ತೇ ತಾನೆ, ಸೊನ್ನೆ ಬರಬೇಕು, ಬಹಳ ಅಂದರೆ 0.1, 0.2. ನನ್ನ ಗಾಡಿಯಲ್ಲಿ ಒಂದೂವರೆಯ ಮೇಲೆ ಕುಣಿಯುತ್ತಿತ್ತು. ಅರ್ತ್ ಅನ್ನಿಸಿಕೊಂಡದ್ದು ಅರ್ತೇ ಆಗಿರಲಿಲ್ಲ.

ಆಮೇಲೆ ಒಂದು ಮೊಳದ ವೈರು ತೆಗೆದರು. ಎರಡೂ ತುದಿಗೆ ಕ್ಲಿಪ್ಪು. ಒಂದನ್ನು ಬ್ಯಾಟರಿ ಮೈನಸ್ಸಿಗೆ ಕಚ್ಚಿಸಿದರು, ಇನ್ನೊಂದನ್ನು ಆ ರಿಂಗಿಗೆ. “ಈಗ ಓದಿ” ಅಂದು ರೇಸ್ ಕೊಟ್ಟರು. 13.8. 14.1. 14.3. ಅಲ್ಲಿಗೆ ನಿಂತಿತು. ಇನ್ನೂ ರೇಸ್ ಕೊಟ್ಟರು, ಹೊಗೆ ಗಲ್ಲಿ ತುಂಬಾ ಆಯ್ತು, 14.3 ಅಲ್ಲಾಡಲಿಲ್ಲ. ಕ್ಲಿಪ್ಪು ತೆಗೆದರೆ ಮತ್ತೆ 15 ದಾಟಿ ಓಡುತ್ತೆ. ಕಚ್ಚಿಸಿದರೆ 14.3. ಮೂರು ಸಲ ಹಾಗೆ ಮಾಡಿ ತೋರಿಸಿದರು. ಅಷ್ಟು ಸಣ್ಣ ವೈರಿನ ತುಂಡು, ಒಂದು ಬೋಲ್ಟೂ ಬಿಚ್ಚಿಲ್ಲ, ರೋಗ ಯಾವುದು ಎಂದು ಕಣ್ಣೆದುರೇ ಇತ್ತು. ನನಗೆ ಖುಷಿಗೆ ಮಾತೇ ಹೊರಡಲಿಲ್ಲ.

ಕಾರಣ ಆ ಪೌಡರ್ ಕೋಟಿಂಗ್. ಬಣ್ಣ ಹಾಕಿದ ಕೆಲಸ ಚೆನ್ನಾಗೇ ಇತ್ತು. ವಾಪಸ್ ಜೋಡಿಸುವಾಗ ಅರ್ತ್ ರಿಂಗನ್ನು ಆ ಬಣ್ಣದ ಮೇಲೇ ಕೂರಿಸಿ ಬೋಲ್ಟ್ ಬಿಗಿದಿದ್ದರು. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕಿನ ಚರ್ಮ ಇದ್ದ ಹಾಗೆ, ಕರೆಂಟು ದಾಟುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಅಷ್ಟೋ ಇಷ್ಟೋ ಅರ್ತ್ ಸಿಗುತ್ತಿತ್ತು. ಮಳೆಗಾಲದಲ್ಲಿ ಆ ಎಳೆಗಳಿಗೂ ತುಕ್ಕು ಬಂತು, ಅದೂ ಹೋಯ್ತು. ಮೇಸ್ತ್ರಿ 10ರ ಸ್ಪ್ಯಾನರ್‌ನಲ್ಲಿ ಬೋಲ್ಟ್ ತೆಗೆದು ರಿಂಗನ್ನು ನನ್ನ ಅಂಗೈಗೆ ಹಾಕಿದರು. ಒಂದು ಮಗ್ಗುಲಿಗೆ ಕಂದು ತುಕ್ಕು, ಇನ್ನೊಂದು ಮಗ್ಗುಲಿಗೆ ಬಣ್ಣದ ಕಪ್ಪು ಗುರುತು ಉಂಗುರದ ಆಕಾರದಲ್ಲಿ ಅಂಟಿತ್ತು. ಎಂಟಾಣೆ ಅಗಲ ಕೂಡ ಇಲ್ಲದ ವಸ್ತು.

ರಿಂಗ್ ಕೂರುವಷ್ಟು ಜಾಗ ಮಾತ್ರ ಅಳತೆ ಮಾಡಿದ ಹಾಗೆ ಅರದಿಂದ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಿ ಬಣ್ಣದ ಕಬ್ಬಿಣ ಕಾಣುವ ಹಾಗೆ ಮಾಡಿದರು. ಹೊಸ ರಿಂಗು, ಹಲ್ಲಿರುವ ವಾಷರ್, ಹೊಸ ಬೋಲ್ಟು. ಬಿಗಿದ ಮೇಲೆ ಮೇಲುಗಡೆ ವ್ಯಾಸಲೀನ್ ಸವರಿದರು, ನೀರು ಇಳಿಯದ ಹಾಗೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ರಿಂಗಿನಿಂದ ಇನ್ನೊಂದು ದಪ್ಪ ಕಪ್ಪು ವೈರು ಎಳೆದು ಸೀದಾ ಬ್ಯಾಟರಿ ಮೈನಸ್ಸಿಗೆ ಕೊಟ್ಟರು. ಮಲೆನಾಡಿನ ಗಾಡಿಗೆ ಚಾಸಿಸ್ಸನ್ನು ಮಾತ್ರ ನಂಬಬಾರದು ಎನ್ನುವುದು ಅವರ ಲೆಕ್ಕ. ಹಾಗೆಯೇ ಬ್ಯಾಟರಿಯ ಗಾಳಿ ಪೈಪ್ ಚಾಸಿಸ್ ಸಂದಿಯಲ್ಲಿ ಮಡಚಿಕೊಂಡಿದ್ದನ್ನು ನೋಡಿ ಬಿಡಿಸಿದರು. ಆ ಪೈಪ್ ಮುಚ್ಚಿದರೆ ಒಳಗಿನ ಗ್ಯಾಸು ಮುಚ್ಚಳದ ಕಡೆಯಿಂದ ಆ್ಯಸಿಡ್ ಸಮೇತ ಹೊರಬರುತ್ತೆ, ಹೊಸ ಬಣ್ಣವೂ ಏಳುತ್ತೆ. ನಾನು ಅದನ್ನು ನೋಡೇ ಇರಲಿಲ್ಲ.

ನಾನು ಅಲ್ಲಿದ್ದಾಗಲೇ ಒಬ್ಬ ಹುಡುಗ ಹತ್ತು ಹನ್ನೆರಡು ವರ್ಷ ಹಳೆಯ ದೊಡ್ಡ ಬೈಕ್ ತಂದ. ಸೆಲ್ಫ್ ಎತ್ತುತ್ತಿರಲಿಲ್ಲ. ಅವನದು ನನ್ನದಕ್ಕೆ ತಿರುಗಾ ಮುರುಗಾ, ನಿಜವಾಗಿಯೂ ಚಾರ್ಜ್ ಬರುತ್ತಿರಲಿಲ್ಲ. ಮೇಸ್ತ್ರಿ ಅದನ್ನು ನೋಡಿದ ರೀತಿಯನ್ನೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಆ ಗಾಡಿಯಲ್ಲಿ ಕಾಯಿಲ್‌ನಿಂದ ಮೂರು ಹಳದಿ ವೈರು ಬರುತ್ತವೆ. ಮೊದಲು ಅವು ರೆಗ್ಯುಲೇಟರಿಗೆ ಸೇರುವ ಕಪ್ಲರ್ (ವೈರು ಜೋಡಿಸುವ ಪ್ಲಾಸ್ಟಿಕ್ ಸಾಕೆಟ್) ಬಿಚ್ಚಿ ಮೂಸಿ ನೋಡಿದರು. ಹೌದು, ಮೂಸಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಪಿನ್ನು ಸಡಿಲ ಆದರೆ ಬಿಸಿ ಆಗುತ್ತೆ, ಬಿಸಿ ಆದರೆ ಇನ್ನೂ ಸಡಿಲ ಆಗುತ್ತೆ, ಕೊನೆಗೆ ಕರಗುತ್ತೆ. ಅವನ ಕಪ್ಲರ್ ಚೆನ್ನಾಗಿತ್ತು. ಆಮೇಲೆ ಮೀಟರನ್ನು ಎಸಿಗೆ ಇಟ್ಟು, ಗಾಡಿ ಓಡಿಸಿ, ಹಳದಿ ವೈರುಗಳನ್ನು ಎರಡೆರಡಾಗಿ ಅಳೆದರು. ಮೂರು ಜೊತೆಯಲ್ಲೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ಬರಬೇಕು, ರೇಸ್ ಕೊಟ್ಟ ಹಾಗೆ ಮೂರೂ ಒಟ್ಟಿಗೆ ಏರಬೇಕು. ಅವನದರಲ್ಲಿ ಒಂದು ಜೊತೆ ಸರಿ, ಎರಡು ಜೊತೆ ಕಮ್ಮಿ. ಗಾಡಿ ಆಫ್ ಮಾಡಿ ಒಂದೊಂದು ಹಳದಿ ವೈರಿಗೂ ಎಂಜಿನ್ ಮೈಗೂ ಕಂಟಿನ್ಯುಟಿ, ಅಂದರೆ ಕರೆಂಟು ದಾಟುವ ಸಂಪರ್ಕ ಇದೆಯಾ ಎಂದು ನೋಡಿದರು. ಮೂರು ಹಳದಿ ವೈರಿನ ಗಾಡಿಯಲ್ಲಿ ಯಾವ ವೈರೂ ಎಂಜಿನ್ ಮೈಗೆ ಮುಟ್ಟಿರಬಾರದು. ಅವನದರಲ್ಲಿ ಮೀಟರ್ ಬೀಪ್ ಅಂದಿತು. ಅವನಿಗೆ ಕಾಯಿಲ್ ಬದಲಾಯಿಸಲೇಬೇಕಾಯ್ತು.

ಇಲ್ಲಿ ಒಂದು ಎಚ್ಚರ. ಈ ಕೊನೆಯ ಪರೀಕ್ಷೆಯನ್ನು ಆರ್‌ಎಕ್ಸ್‌ಗೆ ಮಾಡಿ ಗಾಬರಿ ಬೀಳಬೇಡಿ. ಇದರ ಲೈಟಿಂಗ್ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯವರೇ ಅರ್ತಿಗೆ ಕೊಟ್ಟಿರುತ್ತಾರೆ. ಹಾಗಾಗಿ ಮೀಟರ್ ಬೀಪ್ ಅಂದೇ ಅನ್ನುತ್ತೆ, ಅದು ಕಾಯಿಲ್ ಸುಟ್ಟ ಗುರುತಲ್ಲ. ನನಗೆ ಕಾಯಿಲ್ ಸುತ್ತಿಸಿ ಎಂದವರು ಇದನ್ನೇ ತಪ್ಪಾಗಿ ತಿಳಿದಿದ್ದರೋ ಏನೋ. ನನ್ನ ಕಾಯಿಲನ್ನೂ ಮೇಸ್ತ್ರಿ ಅಳೆದರು. ಒಂದು ಓಮಿಗಿಂತ ಕಮ್ಮಿ ಬಂತು. ಸರಿ ಇದೆ, ಮುಟ್ಟುವುದು ಬೇಡ ಅಂದರು. ಅಪ್ಪನ ಕಾಲದಿಂದ ಅದೇ ಕಾಯಿಲ್. ಇನ್ನೂ ಅದೇ ಇದೆ.

ಬ್ಯಾಟರಿ ಮಾತ್ರ ಹೊಸದು ಬೇಕಾಯ್ತು, ಒಣಗಿದ್ದನ್ನು ಏನೂ ಮಾಡಲಾಗುವುದಿಲ್ಲ. ಅವರ ಅಂಗಡಿಯಲ್ಲಿ ಬ್ಯಾಟರಿ ಮಾರುವುದಿಲ್ಲ. ನೀವೇ ತನ್ನಿ ಎಂದು ಅಳತೆ ಬರೆದುಕೊಟ್ಟರು. ತಂದುಕೊಟ್ಟ ಮೇಲೆ ಆ್ಯಸಿಡ್ ತುಂಬಿ, ಮುಕ್ಕಾಲು ಗಂಟೆ ಹಾಗೇ ಬಿಟ್ಟು, ಆಮೇಲೆ ಒಂದು ಪುಟ್ಟ ಚಾರ್ಜರಿಗೆ ಹಾಕಿ ನಾಳೆ ಬನ್ನಿ ಅಂದರು. ಇವತ್ತೇ ಹಾಕಿಕೊಡಿ ಅಣ್ಣ, ಮತ್ತೆ ಇಪ್ಪತ್ತು ಕಿಲೋಮೀಟರ್ ಬರಬೇಕು ಎಂದು ಕೇಳಿಕೊಂಡೆ. ಒಪ್ಪಲಿಲ್ಲ. 2.5ರ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ಕಾಲು ಆಂಪಿಯರ್‌ನಷ್ಟೇ ಕೊಡಬೇಕು, ನಿಧಾನಕ್ಕೆ ಕುಡಿಸಬೇಕು ಅಂದರು. ಲಾರಿ ಬ್ಯಾಟರಿಗಳ ಜೊತೆ ಸಾಲಿಗೆ ಕಟ್ಟಿ ಒಂದು ಗಂಟೆಯಲ್ಲಿ ಚಾರ್ಜ್ ಮಾಡಿಕೊಡುವ ಕಡೆ ನನ್ನ ಹಿಂದಿನ ಎರಡೂ ಬ್ಯಾಟರಿಗಳು ಹೋಗಿಬಂದಿದ್ದವು. ಹೊಸದರಲ್ಲೇ ಅರ್ಧ ಆಯಸ್ಸು ಅಲ್ಲೇ ಕಳೆದಿರಬೇಕು. ಮಾರನೇ ದಿನ ಬಸ್ಸಿನಲ್ಲಿ ಹೋಗಿ ಗಾಡಿ ತಂದೆ.

ಕೊರತೆಗಳನ್ನೂ ಹೇಳಬೇಕು. ಅಂಗಡಿ ತೆಗೆಯುವುದು ಹತ್ತೂವರೆಯ ಮೇಲೆ. ಭಾನುವಾರ ಇಲ್ಲ. ಫೋನ್ ಎತ್ತುವುದಿಲ್ಲ, ಕೆಲಸ ಮಾಡುವಾಗ ಎತ್ತಲೇಬಾರದು ಎನ್ನುವುದು ಅವರ ಪದ್ಧತಿ. ಹಾಗಾಗಿ ಹೋದ ದಿನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು, ಸುಮ್ನೆ ವಾಪಸ್ ಬಂದೆ. ಕೈಕೆಳಗೆ ಒಬ್ಬನೇ ಹುಡುಗ. ಡಿಸೆಂಬರ್ ಜನವರಿಯಲ್ಲಿ ಕೊಯ್ಲಿನ ಟ್ರ್ಯಾಕ್ಟರು, ಜೀಪುಗಳೇ ಸಾಲು ನಿಂತಿರುತ್ತವೆ, ಆಗ ಬೈಕಿನವರು ಅರ್ಧ ದಿನ ಕಾಯಬೇಕು. ಬಿಲ್ ಕೊಡುವುದಿಲ್ಲ. ದುಡ್ಡು ಮೊಬೈಲ್‌ನಲ್ಲಿ ಹಾಕಬಹುದು. ಮಳೆಯಲ್ಲಿ ನಿಲ್ಲಲು ಜಾಗ ಕಮ್ಮಿ, ಬೆಂಚಿನ ಎಡ ತುದಿಗೆ ಸೋರುತ್ತೆ, ಬಲಕ್ಕೆ ಕೂತುಕೊಳ್ಳಿ. ಎಕ್ಸ್‌ಟ್ರಾ ಲೈಟ್ ಹಾಕಿಕೊಡಿ, 60 ವಾಟ್ ಬಲ್ಬ್ ಹಾಕಿಕೊಡಿ ಎಂದರೆ ಆರ್‌ಎಕ್ಸ್‌ಗೆ ಹಾಕುವುದಿಲ್ಲ. ಈ ಗಾಡಿಯ ಕಾಯಿಲ್ ಇರುವುದು 35 ವಾಟ್ ಹೆಡ್‌ಲೈಟಿಗೆ. ಅದರ ಮೇಲೆ ಭಾರ ಹಾಕಿದರೆ ಬೆಳಕು ಹೆಚ್ಚುವುದಿಲ್ಲ, ಬ್ಯಾಟರಿಗೆ ಹೋಗುವ ಪಾಲು ಕಮ್ಮಿ ಆಗುತ್ತೆ. ನಾನೂ ಕೇಳಿದ್ದೆ, ಮಂಜಿಗೆ ಒಳ್ಳೇದಲ್ವಾ ಎಂದು. ಹಾಕಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು.

ದೂರದವರಿಗೆ ಒಂದು ಮಾತು. ಈ ಅಂಗಡಿಗೇ ಬರಲು ಆಗದಿದ್ದರೆ ಐನೂರು ರೂಪಾಯಿ ಒಳಗೆ ಸಿಗುವ ಒಂದು ಸಾದಾ ಡಿಜಿಟಲ್ ಮೀಟರ್ ತೆಗೆದುಕೊಳ್ಳಿ. ಗಾಡಿ ಆಫ್ ಇದ್ದಾಗ ಒಂದು ಸಲ, ಐಡಲ್‌ನಲ್ಲಿ ಒಂದು ಸಲ, ರೇಸ್ ಕೊಟ್ಟಾಗ ಒಂದು ಸಲ ಬ್ಯಾಟರಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಯಾವ ಮೆಕ್ಯಾನಿಕ್ ಹತ್ತಿರವಾದರೂ ಹೋಗಿ. ಆ ಮೂರು ಅಂಕಿ ಕೈಯಲ್ಲಿದ್ದಿದ್ದರೆ ನನಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಉಳಿಯುತ್ತಿತ್ತು. ಚಾರ್ಮಾಡಿಯಲ್ಲಿ ಅಂದು ಕತ್ತಲಲ್ಲಿ ನಿಲ್ಲುವುದೂ ತಪ್ಪುತ್ತಿತ್ತು. ಓಡುತ್ತಿರುವ ಗಾಡಿಯಲ್ಲಿ ಬ್ಯಾಟರಿ ವೈರು ಮಾತ್ರ ಕೀಳಬೇಡಿ. ಕೆಲವರು ಚಾರ್ಜಿಂಗ್ ನೋಡಲು ಹಾಗೆ ಮಾಡುತ್ತಾರೆ. ಆಗ ವೋಲ್ಟೇಜ್ ಒಮ್ಮೆಲೇ ಜಿಗಿದು ರೆಗ್ಯುಲೇಟರೋ ಬಲ್ಬೋ ಹೋಗಬಹುದು.

ಈಗ ನಾಲ್ಕು ತಿಂಗಳಾಯ್ತು. ತೋಟದ ಆಫೀಸಿನ ಮೇಜಿನ ಖಾನೆಯಲ್ಲಿ ನನ್ನದೂ ಒಂದು ಮೀಟರ್ ಇದೆ. ತಿಂಗಳ ಮೊದಲ ಸೋಮವಾರ ಅಳೆದು ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತೇನೆ. ಮೊನ್ನೆಯದು: ಆಫ್ ಇದ್ದಾಗ 12.7, ಐಡಲ್‌ನಲ್ಲಿ 13.3, ರೇಸ್‌ನಲ್ಲಿ 14.3. ನೀರು ಮೇಲಿನ ಗೆರೆಯಿಂದ ಒಂದು ಕೂದಲಷ್ಟು ಇಳಿದಿದೆ. ಬಲ್ಬು ಅಂದು ಹಾಕಿದ್ದೇ. ಹೋದ ವಾರ ಮಗಳನ್ನು ನೋಡಲು ಮತ್ತೆ ಉಜಿರೆಗೆ ಹೋಗಿ ಅದೇ ದಾರಿಯಲ್ಲಿ ಸಂಜೆ ವಾಪಸ್ ಬಂದೆ. ಅಂದು ಜೀಪು ಬರುವ ತನಕ ನಿಂತಿದ್ದ ಆ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ರೇಸ್ ಕೊಟ್ಟೆ. ಬೆಳಕು ಹಾಗೇ ಇತ್ತು. ಹಾರನ್ ಒತ್ತಿದೆ, ಎದುರಿನಿಂದ ಬಸ್ಸಿನವನು ಹಾರನ್ ಹೊಡೆದು ಉತ್ತರ ಕೊಟ್ಟ.